ಶನಿವಾರದ ಭಜನೆಯ ಮುಂದೆ ಕ್ಯಾಮೆರಾ ಹಿಡಿದು

ಶ್ರಾವಣ ಬಂತೆಂದರೆ ರಾಯದುರ್ಗ, ಬಳ್ಳಾರಿ, ಗುಂತಕಲ್ಲು ಸೀಮೆಯ ಜನಕ್ಕೆ ಒಂದು ದಿನದ ಯಾತ್ರೆ ಇದೆ. ಮುರಡಿ, ನೇಮಕಲ್ಲು, ಕಸಾಪುರ ಈ ಮೂರೂ ಊರಿನ ಆಂಜನೇಯರನ್ನು ಹೊತ್ತು ಮುಳುಗುವುದರೊಳಗೆ ನೋಡಿ ಬರಬೇಕು. ಮೂವರನ್ನೂ ವ್ಯಾಸರಾಯರೇ ಪ್ರತಿಷ್ಠೆ ಮಾಡಿದರು ಎಂಬುದು ಹಿರಿಯರಿಂದ ಬಂದ ಮಾತು. ಟ್ರ್ಯಾಕ್ಟರು, ಆಟೊ, ಬೈಕು, ಬರಿಗಾಲು ಹೀಗೆ ಅವರವರ ಹರಕೆಗೆ ತಕ್ಕಂತೆ ಜನ ಬರುತ್ತಾರೆ. ಮೊಬೈಲ್ ಇಲ್ಲದ ಕೈ ಈಗ ಅಪರೂಪ. ಗೋಪುರದ ಮುಂದೆ ಸೆಲ್ಫಿ, ಹಣ್ಣುಕಾಯಿ ತಟ್ಟೆ ಹಿಡಿದ ಅಜ್ಜಿಯ ಜೊತೆ ಇನ್ನೊಂದು, ಮಿರ್ಚಿ ಮಂಡಕ್ಕಿ ಅಂಗಡಿಯಲ್ಲಿ ಮತ್ತೊಂದು. ಪ್ರಾಕಾರದ ಒಂದು ಮೂಲೆಯಲ್ಲಿ ಹಾರ್ಮೋನಿಯಂ, ತಬಲ, ತಾಳ ಇಟ್ಟುಕೊಂಡು ಭಜನೆಯವರು ಕೂತಿದ್ದರೆ, ಆ ಕಡೆ ತಿರುಗುವ ಕ್ಯಾಮೆರಾ ಮಾತ್ರ ಕಡಿಮೆ.

ಸಂಗೀತ ಕಾರ್ಯಕ್ರಮದ ಫೋಟೊ ತೆಗೆಯುವುದನ್ನು ಕಲಿಯಬೇಕು ಎನ್ನುವ ಹುಡುಗರು ಮೊದಲು ಕೇಳುವುದು ಯಾವ ಕ್ಯಾಮೆರಾ ಕೊಳ್ಳಲಿ ಅಂತ. ಆಮೇಲೆ, ಹಂಪಿ ಉತ್ಸವಕ್ಕೆ ಪಾಸು ಹೇಗೆ ಸಿಗುತ್ತೆ ಅಂತ. ನೇಮಕಲ್ಲಿನಂಥ ಊರಿನ ಆಂಜನೇಯನ ಗುಡಿಯಲ್ಲಿ ಶನಿವಾರ ರಾತ್ರಿ ಭಜನೆ ಎಲ್ಲಿ ನಡೆಯುತ್ತದೋ ಅಲ್ಲಿ ಹೋಗಿ ಕೂತುಕೊಳ್ಳಿ ಎಂದರೆ ಅವರ ಮುಖ ಸಣ್ಣದಾಗುತ್ತದೆ. ಪಾಸು ಸಿಗದವರಿಗೆ ಹೇಳುವ ಸಮಾಧಾನ ಅಂದುಕೊಳ್ಳುತ್ತಾರೆ. ಆದರೆ ಹಂಪಿಯ ವೇದಿಕೆ ಕಲಿಸದ್ದನ್ನು ಈ ಮೂಲೆ ಕಲಿಸುತ್ತದೆ. ಇಲ್ಲಿ ಬ್ಯಾರಿಕೇಡ್ ಇಲ್ಲ, ಹಾಡುವವರ ಮಾರು ದೂರದಲ್ಲಿ ಕೂರಬಹುದು. ಗಣಪತಿ ಸ್ತುತಿಯಿಂದ ಮಂಗಳದವರೆಗೆ ಮೂರ್ನಾಲ್ಕು ತಾಸು ಸಿಗುತ್ತದೆ. ಎಲ್ಲಕ್ಕಿಂತ ದೊಡ್ಡದು, ಮುಂದಿನ ವಾರವೂ ಅದೇ ಮೇಳ, ಹೆಚ್ಚುಕಡಿಮೆ ಅದೇ ಪದಗಳು. ಮುಂದೆ ಏನು ಬರುತ್ತದೆಂದು ಗೊತ್ತಿರುವ ಸಂಗೀತವನ್ನು ಮಾತ್ರ ಹೊಸಬ ಫೋಟೊದಲ್ಲಿ ಹಿಡಿಯಬಲ್ಲ.

ಕರ್ನಾಟಕ, ಆಂಧ್ರದ ಈ ಗಡಿಸೀಮೆಯ ಭಜನೆಗೆ ಭಾಷೆ ಎರಡು. ಒಂದು ಪದ ಕನ್ನಡದ ದಾಸರದು, ಅದರ ಬೆನ್ನಿಗೇ ತೆಲುಗಿನ ಅನ್ನಮಯ್ಯ. ದಾಸರ ಪದ ಇಲ್ಲಿಗೆ ಬಂದುದು ಸಹಜ. ವ್ಯಾಸರಾಯರ ಶಿಷ್ಯರೇ ಪುರಂದರದಾಸರು, ಕನಕದಾಸರು. ಅನ್ನಮಯ್ಯನ ಹಾಡಿಗೂ ಈ ನೆಲದ ನಂಟು ಇದೆ. ತಿರುಮಲೆಯ ತಾಮ್ರಪತ್ರಗಳಲ್ಲಿ ಉಳಿದಿದ್ದ ಆ ಸಂಕೀರ್ತನೆಗಳಲ್ಲಿ ನೂರಾರಕ್ಕೆ ರಾಗ ಕೂಡಿಸಿ ಹಾಡುವಂತೆ ಮಾಡಿದವರಲ್ಲಿ ಮೊದಲಿಗರಾದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು (1893–1979) ರಾಯದುರ್ಗ ಇರುವ ಇದೇ ಅನಂತಪುರ ಜಿಲ್ಲೆಯವರು, ದಶಕಗಳ ಕಾಲ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. ಫೋಟೊ ತೆಗೆಯುವವನಿಗೆ ಇದೆಲ್ಲ ಏಕೆ? ದಾಸರ ಪದದ ಕೊನೆಯ ಚರಣದಲ್ಲಿ ಅಂಕಿತ ಬರುತ್ತದೆ. ಅಂಕಿತ ಬಂದ ಕ್ಷಣ ಹಾಡುವವರ ಕಣ್ಣು ತಾನಾಗಿ ಮುಚ್ಚುತ್ತದೆ, ತಾಳ ಹಿಡಿದ ಕೈಗಳು ಎದೆಯ ಹತ್ತಿರ ಬರುತ್ತವೆ, ಕೆಲವರು ಕೈ ಮುಗಿದೇ ಬಿಡುತ್ತಾರೆ. ಪದ ಗೊತ್ತಿದ್ದವನು ಎರಡು ಸಾಲು ಮೊದಲೇ ಅಲ್ಲಿಗೆ ಫೋಕಸ್ ಮಾಡಿ ಕಾದಿರುತ್ತಾನೆ. ಗೊತ್ತಿಲ್ಲದವನು ಕೈ ಮುಗಿದದ್ದನ್ನು ಕಂಡು ಕ್ಯಾಮೆರಾ ಎತ್ತುತ್ತಾನೆ, ಅಷ್ಟರಲ್ಲಿ ಕೈ ಹಾರ್ಮೋನಿಯಂ ಮೇಲೆ ವಾಪಸಾಗಿರುತ್ತದೆ.

ಇನ್ನೊಂದು ಕ್ಷಣ ಇದೆ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಭಜನೆಯಲ್ಲಿ ಒಬ್ಬರು ಸಾಲು ಎತ್ತುತ್ತಾರೆ, ಮಿಕ್ಕವರು ಅದನ್ನೇ ತಿರುಗಿ ಹಾಡುತ್ತಾರೆ. ಎಲ್ಲರೂ ಕ್ಯಾಮೆರಾ ಒತ್ತುವುದು ಮುಖ್ಯ ಹಾಡುಗಾರ ಬಾಯಿ ತೆರೆದಾಗ. ಹಾಗೆ ತೆಗೆದ ಮುಖ ನೂರಕ್ಕೆ ತೊಂಬತ್ತು ಸಲ ಹಲ್ಲುನೋವಿನವರದ್ದಾಗಿ ಬರುತ್ತದೆ, ಮೈಕು ಬೇರೆ ಅರ್ಧ ಗಲ್ಲ ನುಂಗಿರುತ್ತದೆ. ಮೇಳದವರು ಸಾಲು ಹಿಡಿದಾಗ ಆತನನ್ನು ನೋಡಿ. ಉಸಿರು ಎಳೆದುಕೊಳ್ಳುತ್ತಾನೆ, ತಲೆ ಒಂದಿಷ್ಟು ಓರೆಯಾಗುತ್ತದೆ, ತನ್ನ ಸಾಲು ಬೇರೆಯವರ ಬಾಯಲ್ಲಿ ಹೇಗೆ ಬಂತು ಅಂತ ಕೇಳಿಸಿಕೊಳ್ಳುತ್ತಾನೆ. ತಪ್ಪಿದ್ದರೆ ಹುಬ್ಬು ಗಂಟಿಕ್ಕುತ್ತದೆ. ಚೆನ್ನಾಗಿ ಬಂದಿದ್ದರೆ ತಬಲದವನ ಕಡೆ ಒಂದು ಸಣ್ಣ ನಗು. ಸಂಗೀತ ಕಾಣಿಸುವುದು ಅಲ್ಲಿ.

ಈಗ ಬೆಳಕಿನ ವಿಷಯಕ್ಕೆ ಬರೋಣ, ಏಕೆಂದರೆ ಹೊಸಬರು ಸೋಲುವುದೇ ಇಲ್ಲಿ. ಗುಡಿಯ ಪ್ರಾಕಾರದಲ್ಲಿ ರಾತ್ರಿ ಹೊತ್ತು ಇರುವುದೇನು? ಕಂಬಕ್ಕೆ ಕಟ್ಟಿದ ಒಂದು ಟ್ಯೂಬ್‌ಲೈಟು, ಯಾರೋ ಭಕ್ತರು ಕೊಡಿಸಿದ ಎಲ್‌ಇಡಿ ಫೋಕಸ್ ದೀಪ, ಸೀರಿಯಲ್ ಸೆಟ್ಟಿನ ಕೆಂಪು ಹಸಿರು, ಒಳಗಿನಿಂದ ಬರುವ ಎಣ್ಣೆ ದೀಪದ ಹಳದಿ. ನಾಲ್ಕಕ್ಕೂ ನಾಲ್ಕು ಬಣ್ಣ. ಇದನ್ನೆಲ್ಲ ಒಂದೇ ಏಟಿಗೆ ಸರಿಮಾಡುತ್ತೇನೆಂದು ಫ್ಲ್ಯಾಶ್ ಹಾಕಿದರೆ ಬಣ್ಣವೇನೋ ಸರಿಹೋಗುತ್ತದೆ, ಭಜನೆ ಹಾಳಾಗುತ್ತದೆ. ಹಾಡುವವರ ಕಣ್ಣಿಗೆ ಬೆಳಕು ಹೊಡೆದರೆ ಮುಂದಿನ ಸಾಲು ಮರೆಯುವುದುಂಟು. ಫ್ಲ್ಯಾಶ್ ಬೇಡವೇ ಬೇಡ ಎಂಬುದು ಇಲ್ಲಿಯೂ ಕಾನೂನು, ಬೆಂಗಳೂರಿನ ಸಭೆಗಳಲ್ಲಿಯೂ ಕಾನೂನು.

ಹಾಗಾದರೆ ಬೆಳಕು ಎಲ್ಲಿಂದ ತರುವುದು? ಲೆನ್ಸಿನ ಬಾಯಿಯಿಂದ. ಕ್ಯಾಮೆರಾ ಜೊತೆಗೆ ಬರುವ ಜೂಮ್ ಲೆನ್ಸು ಉದ್ದಕ್ಕೆ ಎಳೆದಾಗ ಎಫ್ 5.6ಕ್ಕಿಂತ ಅಗಲ ತೆರೆಯುವುದಿಲ್ಲ. 50 ಎಂಎಂ, ಎಫ್ 1.8 ಎಂಬ ಗಿಡ್ಡ ಲೆನ್ಸು ಅದರ ಸುಮಾರು ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಪ್ರತಿ ಕಂಪನಿಯ ಅಗ್ಗದ ಲೆನ್ಸುಗಳಲ್ಲಿ ಇದೂ ಒಂದು, ಸೆಕೆಂಡ್ ಹ್ಯಾಂಡ್ ಆದರೆ ಇನ್ನೂ ಅಗ್ಗ. ಮೊದಲ ಹಣ ಇದಕ್ಕೇ ಹಾಕಬೇಕು, ಹೊಸ ಕ್ಯಾಮೆರಾಕ್ಕಲ್ಲ. ಜೂಮ್ ಇಲ್ಲವಲ್ಲ ಎಂದರೆ ಕಾಲಿದೆ, ಸರಿದು ಕೂತರಾಯಿತು. ಐಎಸ್‌ಒ 3200, 6400ಕ್ಕೆ ಏರಿಸಲು ಹೆದರಬೇಡಿ. ಕಾಳು ಕಾಳಾಗಿ ಬಂದ ಚಿತ್ರವನ್ನು ಯಾರೂ ಬೈದಿಲ್ಲ, ಅಲುಗಿದ ಮುಖವನ್ನು ಬೈಯದವರಿಲ್ಲ. ಫಿಲ್ಮಿನ ಕಾಲದಲ್ಲಿ 400ರ ಕಪ್ಪುಬಿಳುಪು ರೋಲನ್ನು 1600 ಅಂತ ಎಣಿಸಿ ತೆಗೆದು, ಕತ್ತಲ ಕೋಣೆಯಲ್ಲಿ ಹೆಚ್ಚು ಹೊತ್ತು ಡೆವಲಪ್ ಮಾಡಿ ಕೈಲಾದಷ್ಟು ಎಳೆದುಕೊಳ್ಳುತ್ತಿದ್ದರು. ಸಂಗೀತಗಾರರ ಒಳ್ಳೊಳ್ಳೆಯ ಎಷ್ಟೋ ಚಿತ್ರಗಳು ಆ ಒರಟು ಕಾಳಿನವೇ.

ಎಲ್‌ಇಡಿ ಕಾಟ ಮಾತ್ರ ಆ ಕಾಲದವರಿಗೆ ಇರಲಿಲ್ಲ. ನಮ್ಮ ಮನೆ ಕರೆಂಟು ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಅಗ್ಗದ ಎಲ್‌ಇಡಿ ದೀಪ ಆ ಲೆಕ್ಕದಲ್ಲಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಶಟರ್ 1/500ಕ್ಕೆ ಇಟ್ಟರೆ ಕ್ಯಾಮೆರಾಕ್ಕೆ ಗೊತ್ತಾಗುತ್ತದೆ, ಚಿತ್ರದ ತುಂಬ ಅಡ್ಡಡ್ಡ ಕಪ್ಪು ಪಟ್ಟಿ. ಶಟರನ್ನು 1/100ಕ್ಕೆ ಇಳಿಸಿದರೆ ಒಂದು ಮಿಣುಕು ಪೂರ್ತಿ ಒಳಗೆ ಬರುತ್ತದೆ, 1/50ಕ್ಕೆ ಇಳಿಸಿದರೆ ಎರಡು. ಪಟ್ಟಿ ಮಾಯ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಹಾಕಿಕೊಂಡವರಿಗೆ ಈ ಕಾಟ ಇನ್ನೂ ಹೆಚ್ಚು, ಏಕೆಂದರೆ ಅದು ಚಿತ್ರವನ್ನು ಸಾಲು ಸಾಲಾಗಿ ಓದಿಕೊಳ್ಳುತ್ತದೆ. ಕೂತು ಹಾಡುವವರಿಗೆ 1/100 ಧಾರಾಳ ಸಾಕು. ತಬಲದ ಬೆರಳು ಅಷ್ಟಕ್ಕೆ ಮಸುಕಾಗುತ್ತದೆ. ಆಗಲಿ ಬಿಡಿ, ಮುಖ ನಿಂತು ಬೆರಳು ಓಡಿದರೆ ನೋಡುವವನಿಗೆ ಅದು ಕೇಳಿಸುತ್ತದೆ.

ಮೊಬೈಲಿನವರೂ ಇದರಿಂದ ಹೊರಗಲ್ಲ. ಬೆರಳಿನಿಂದ ಚಿವುಟಿ ದೊಡ್ಡದು ಮಾಡುವುದನ್ನು ಬಿಡಬೇಕು, ಹತ್ತಿರ ಸರಿಯಬೇಕು. ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದರೆ ಫೋಕಸ್ಸೂ ಬೆಳಕೂ ಅಲ್ಲೇ ಲಾಕ್ ಆಗುತ್ತವೆ, ಆಮೇಲೆ ಬೆಳಕನ್ನು ಒಂದಿಷ್ಟು ಕೆಳಗೆ ಎಳೆಯಬೇಕು. ಕತ್ತಲ ಹಿನ್ನೆಲೆ ಕಂಡರೆ ಫೋನೂ ಕ್ಯಾಮೆರಾವೂ ಎಲ್ಲವನ್ನೂ ಬೆಳಗಿಸಲು ಹೋಗಿ ಬಿಳಿ ಪಂಚೆ, ಹಣೆಯ ವಿಭೂತಿ, ನಾಮ ಎಲ್ಲವನ್ನೂ ಸುಣ್ಣ ಬಳಿದಂತೆ ಮಾಡುತ್ತವೆ. ಕತ್ತಲು ಕತ್ತಲಾಗಿಯೇ ಇರಲಿ.

ರಾಯದುರ್ಗ, ಕಲ್ಯಾಣದುರ್ಗದಂಥ ಊರುಗಳ ಸ್ಟುಡಿಯೊ ಹುಡುಗರ ಕೈಯಲ್ಲಿ ಒಳ್ಳೊಳ್ಳೆ ಕ್ಯಾಮೆರಾಗಳಿವೆ, ಲಗ್ನದ ಸೀಸನ್ನಿನಲ್ಲಿ ನಿದ್ದೆಗೆಟ್ಟು ದುಡಿದ ಅನುಭವ ಇದೆ. ಅವರಿಗೆ ಇರುವ ಒಂದೇ ತೊಡಕು ಲಗ್ನದ ಅಭ್ಯಾಸ. ಧಾರೆ ಎರೆಯುತ್ತಿರುವಾಗಲೇ ಪುರೋಹಿತರನ್ನು ನಿಲ್ಲಿಸಿ, ‘ಅಕ್ಕಾ ಇಲ್ನೋಡು, ಅಣ್ಣಾ ಸ್ವಲ್ಪ ನಗು’ ಎನ್ನುವವನ ಮಾತನ್ನು ಅಲ್ಲಿ ದೇವರೂ ಕೇಳಬೇಕು. ಭಜನೆಯಲ್ಲಿ ಯಾರೂ ಇವನ ಕಡೆ ನೋಡುವುದಿಲ್ಲ, ನೋಡಿದರೆ ಆ ಚಿತ್ರ ಕೆಟ್ಟಿತು ಅಂತಲೇ ಲೆಕ್ಕ. ಮೊದಲ ಅರ್ಧ ಗಂಟೆ ಕ್ಯಾಮೆರಾವನ್ನು ತೊಡೆಯ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತು ಪಲ್ಲವಿಗೆ ದನಿಗೂಡಿಸಿದರೆ ಉತ್ತಮ. ಆಮೇಲೆ ನೀವು ಇದ್ದೀರೆಂಬುದನ್ನೇ ಅವರು ಮರೆಯುತ್ತಾರೆ. ನೆಲದ ಮೇಲೆ ಕೂತು ಹಾಡುವವರನ್ನು ನೆಲದ ಮೇಲೆ ಕೂತೇ ತೆಗೆಯಬೇಕು. ನಿಂತು ತೆಗೆದರೆ ನೆತ್ತಿಗಳು ಬರುತ್ತವೆ, ಹಿಂದೆ ಕೂತ ಜನ ಬೈಯುವುದು ಬೇರೆ.

ಕೂಡದ ಕೆಲವು ಸಂಗತಿಗಳೂ ಇವೆ. ಗರ್ಭಗುಡಿಯ ಕಡೆ ಲೆನ್ಸು ತಿರುಗಿಸಬಾರದು. ಹೆಣ್ಣುಮಕ್ಕಳ ಭಜನಾ ಮಂಡಳಿಯಾದರೆ ಮೊದಲೇ ಅವರ ಹಿರಿಯಕ್ಕನನ್ನು ಕೇಳಬೇಕು, ಬೇಡ ಎಂದರೆ ಬೇಡ. ತಾಳ ಏರಿದಾಗ ಒಬ್ಬಿಬ್ಬರಿಗೆ ಮೈಮೇಲೆ ದೇವರು ಬರುವುದುಂಟು. ಅದು ಒಳ್ಳೆ ಫೋಟೊ ಅಂತ ಅನ್ನಿಸುತ್ತದೆ, ಆದರೆ ತನ್ನ ಮೇಲೆ ಎಚ್ಚರವಿಲ್ಲದ ಮನುಷ್ಯನ ಮುಖ ನಾಳೆ ಊರವರ ವಾಟ್ಸ್ಯಾಪಿನಲ್ಲಿ ಓಡಾಡುವುದು ಯಾವ ನ್ಯಾಯ? ಆ ಹೊತ್ತಿಗೆ ಕ್ಯಾಮೆರಾ ಕೆಳಗಿಡುವವನನ್ನು ಮೇಳದವರು ಮುಂದಿನ ವಾರ ಹತ್ತಿರ ಕರೆದು ಕೂರಿಸಿಕೊಳ್ಳುತ್ತಾರೆ.

ಸಂಗೀತವನ್ನು ನಿಂತ ಚಿತ್ರದಲ್ಲಿ ಹೇಗೆ ಕೂರಿಸುವುದು ಎಂಬ ಪ್ರಶ್ನೆಗೆ ಈ ಸೀಮೆಯಲ್ಲೇ ಐನೂರು ವರ್ಷದ ಹಿಂದಿನ ಉತ್ತರ ಇದೆ. ಮಡಕಶಿರದಿಂದ ಹಿಂದೂಪುರದ ದಾರಿ ಹಿಡಿದು ಲೇಪಾಕ್ಷಿಗೆ ಹೋಗಿ. ವೀರಭದ್ರ ದೇವಾಲಯದ ನಾಟ್ಯಮಂಟಪದ ಕಂಬಗಳಲ್ಲಿ ತುಂಬುರ ವೀಣೆ ನುಡಿಸುತ್ತಿದ್ದಾನೆ, ಬ್ರಹ್ಮ ಮದ್ದಳೆ ಬಾರಿಸುತ್ತಿದ್ದಾನೆ, ರಂಭೆ ಕುಣಿಯುತ್ತಿದ್ದಾಳೆ. ಒಬ್ಬೊಬ್ಬರದು ಒಂದೊಂದು ಕಂಬ, ಆದರೆ ಎಲ್ಲರೂ ನಡುವಿನ ಖಾಲಿ ಜಾಗದ ಸುತ್ತ ನಿಂತಿದ್ದಾರೆ. ವಿಜಯನಗರ ಕಾಲದ ಆ ಶಿಲ್ಪಿಗೆ ಕಛೇರಿ ಎಂದರೆ ಒಬ್ಬ ಗಾಯಕನ ಮುಖವಲ್ಲ, ನಾಲ್ಕು ಜನರ ನಡುವೆ ಓಡಾಡುವ ಏನೋ ಒಂದು ಎಂಬುದು ಗೊತ್ತಿತ್ತು. ನಮ್ಮವರು ಈಗ ತೆಗೆಯುವುದು ನೋಡಿದರೆ, ಗಾಯಕಿ ಒಂದು ಫ್ರೇಮು, ಪಿಟೀಲು ಒಂದು ಫ್ರೇಮು, ಮೃದಂಗ ಒಂದು ಫ್ರೇಮು, ಪಾಸ್‌ಪೋರ್ಟ್ ಫೋಟೊ ತೆಗೆದ ಹಾಗೆ. ಕಲ್ಪನಾಸ್ವರದಲ್ಲಿ ಗಾಯಕಿ ಹಾಕಿದ ಸ್ವರವನ್ನು ಪಿಟೀಲಿನವರು ತಿರುಗಿಸಿ ಕೊಟ್ಟಾಗ ಇಬ್ಬರ ನಡುವೆ ಹೋಗಿಬರುವ ನೋಟ ಇದೆಯಲ್ಲ, ಅದಕ್ಕೆ ಇಬ್ಬರೂ ಒಂದೇ ಫ್ರೇಮಿನಲ್ಲಿ ಬೇಕು. ತನಿ ಆವರ್ತನದಲ್ಲಿ ಮೃದಂಗದವರಿಗಿಂತ ಪಕ್ಕದಲ್ಲಿ ತಾಳ ಹಾಕುತ್ತ ಕೂತ ಗಾಯಕರ ಮುಖ ಎಷ್ಟೋ ಸಲ ಹೆಚ್ಚು ಹೇಳುತ್ತದೆ.

ಕರ್ನಾಟಕ ಸಂಗೀತದ ಸಭೆಗೆ ಹೋಗುವಷ್ಟರಲ್ಲಿ ಇಷ್ಟು ಕೈಗೆ ಬಂದಿದ್ದರೆ ಸಾಕು. ಬೆಂಗಳೂರಿನ ಕೋಟೆ ಹೈಸ್ಕೂಲು ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಸಂಗೀತೋತ್ಸವದಂಥ ಕಡೆ ಕೇಳುಗರು ಕ್ಯಾಮೆರಾದವರನ್ನು ಸಹಿಸುವುದಕ್ಕೆ ಒಂದು ಮಿತಿ ಇದೆ. ಆಲಾಪನೆ ನಡೆದಿರುವಾಗ ಕನ್ನಡಿ ಬಡಿಯುವ ಹಳೆಯ ಕ್ಯಾಮೆರಾದ ಕಟಕ್ ಸದ್ದು ಮೂರನೆಯ ಸಾಲಿಗೂ ಕೇಳುತ್ತದೆ. ಮೃದಂಗ ಶುರುವಾಗುವವರೆಗೆ ಕಾಯುವುದು ಲೇಸು. ಆಮೇಲೆ ಒಂದೊಂದು ಆವರ್ತನದ ಸಮಕ್ಕೆ ಒತ್ತಿದರೆ ಸದ್ದು ಅದರಲ್ಲೇ ಮುಚ್ಚಿಹೋಗುತ್ತದೆ, ಗಾಯಕರ ಕೈಯೂ ಆಗಲೇ ಕೆಳಗಿಳಿಯುತ್ತದೆ.

ಹಿಂದೂಸ್ತಾನಿಯವರ ವಿಷಯದಲ್ಲಿ ನಮ್ಮ ಪುಣ್ಯ ದೊಡ್ಡದು. ಭೀಮಸೇನ ಜೋಶಿಯವರು ಹಾಡುವಾಗ ತೋಳು, ಕುತ್ತಿಗೆ, ಬೆನ್ನು ಎಲ್ಲವೂ ತಾನಿನ ಹಿಂದೆ ಓಡುತ್ತಿದ್ದವು. ಗಂಗೂಬಾಯಿ ಹಾನಗಲ್ಲರು ಕಿವಿಗೆ ಕೈ ಇಟ್ಟ ಭಂಗಿ ಕಣ್ಣಿಗೆ ಕಟ್ಟಿದಂತಿದೆ. ಈ ಮುಖಗಳು ನಮಗೆ ಇಷ್ಟು ಪರಿಚಯವಾದದ್ದರ ಹಿಂದೆ ಕೆಲವರ ತಾಳ್ಮೆ ಇದೆ. ದೆಹಲಿಯ ಅವಿನಾಶ್ ಪಸ್ರೀಚಾ ದಶಕಗಳ ಕಾಲ ಸಂಗೀತ, ನೃತ್ಯದ ವೇದಿಕೆಗಳ ಮುಂದೆ ಕೂತರು. ರಘು ರಾಯ್ ಸಂಗೀತದ ಹಿರಿಯರ ಮನೆಗಳಿಗೂ ಹೋಗಿ ಕೂತರು. ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ ಭೀಮಸೇನರು ಪುಣೆಯಲ್ಲಿ 1953ರಲ್ಲಿ ಶುರುಮಾಡಿದ ಉತ್ಸವವನ್ನು ಸತೀಶ್ ಪಾಕ್ನೀಕರ್ ವರ್ಷ ವರ್ಷವೂ ತೆಗೆದರು. ಮೂವರ ಚಿತ್ರಗಳನ್ನೂ ನೋಡಿದರೆ ತಿಳಿಯುತ್ತದೆ, ಅದೇ ಕಲಾವಿದರ ಬಳಿಗೆ ಮತ್ತೆ ಮತ್ತೆ ಹೋದವರ ಚಿತ್ರಗಳು ಅವು. ಹೋದಲ್ಲೆಲ್ಲ ಹೊಸ ಮುಖ ಹುಡುಕುವುದು ನ್ಯೂಸ್ ಫೋಟೊದವರ ಕೆಲಸ.

ಜನಪದ ವಾದ್ಯಗಳ ಕಡೆ ಬಂದರೆ ಶಟರಿನ ಲೆಕ್ಕ ತಲೆಕೆಳಗಾಗುತ್ತದೆ. ಮಡಕಶಿರ, ಪಾವಗಡ, ಚಳ್ಳಕೆರೆ ಸೀಮೆಯ ಉರುಮೆಯಲ್ಲಿ ಒಂದು ಮುಖವನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ, ಇನ್ನೊಂದನ್ನು ಬಡಿಯುತ್ತಾರೆ. ಗುರುಗುಟ್ಟುವ ಆ ದನಿ ಹುಟ್ಟುವುದು ಉಜ್ಜುವ ಕೈಯಲ್ಲಿ, ಹಾಗಾಗಿ ಬಡಿಯುವ ಕಡೆಯಿಂದ ತೆಗೆದ ಚಿತ್ರಕ್ಕೂ ಬೇರೆ ಯಾವುದೋ ಡೋಲಿನ ಚಿತ್ರಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಚೆಕ್ಕ ಭಜನೆಯವರು ಕೈಯಲ್ಲಿ ಮರದ ಚೆಕ್ಕೆ, ಕಾಲಿಗೆ ಗೆಜ್ಜೆ ಕಟ್ಟಿ ಸುತ್ತುಗಟ್ಟಿ ಕುಣಿಯುವಾಗ 1/250ಕ್ಕೆ ಏರಲೇಬೇಕು. ಎಲ್‌ಇಡಿ ಪಟ್ಟಿ ಬಂದರೆ ಹಗಲಿನ ಸುತ್ತಿಗೆ ಕಾಯುವುದು ವಾಸಿ. ಪೀರ್ಲ ಹಬ್ಬದಲ್ಲಿ, ಅಂದರೆ ಮೊಹರಂನಲ್ಲಿ, ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ಹಲಿಗೆ ಬಡಿಯುವ ರಾತ್ರಿ ಇದಕ್ಕೆಲ್ಲ ಕಳಸ. ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ಮಾಡುವ ಹಬ್ಬ ಇದು. ಬೆಂಕಿಯೊಂದೇ ಬೆಳಕು, ಮಿಣುಕಿನ ಕಾಟ ಇಲ್ಲ. ಸೌದೆ ಹಾಕಿದಾಗ ಎರಡು ನಿಮಿಷ ಮುಖಗಳು ಹೊಳೆಯುತ್ತವೆ, ಆಗಲೇ ತೆಗೆದುಕೊಳ್ಳಬೇಕು. ಬೆಂಕಿಯ ಹಳದಿಯನ್ನು ಬಿಳಿ ಮಾಡಲು ಹೊರಟವನಿಗೆ ಮಾತ್ರ ಏನೂ ಹೇಳಿ ಪ್ರಯೋಜನವಿಲ್ಲ.

ಗಾಳಿಯ ಬಗ್ಗೆ ಒಂದು ಮಾತು. ಆಷಾಢ, ಶ್ರಾವಣದ ಗಾಳಿಗೆ ಬೊಮ್ಮನಹಾಳ, ಕಣೇಕಲ್ಲು ಕಡೆ ಹಗರಿ ಹೊಳೆಯ ಮರಳು ಎದ್ದು ದಿಬ್ಬಗಳಾಗುತ್ತದೆ. ಆ ಮರಳಿನ ಪುಡಿ ಲೆನ್ಸಿನ ಉಂಗುರದೊಳಗೆ ಸೇರಿದರೆ ತಿರುಗಿಸಿದಾಗಲೆಲ್ಲ ಕರಕರ ಎನ್ನುತ್ತದೆ. ಬಯಲಿನಲ್ಲಿ ನಿಂತು ಲೆನ್ಸು ಬದಲಿಸಬೇಡಿ, ಒಂದೇ ಲೆನ್ಸಿನಲ್ಲಿ ರಾತ್ರಿ ಕಳೆಯಿರಿ.

ದೊಡ್ಡ ವೇದಿಕೆಯ ಬಗ್ಗೆ ಹೇಳಬೇಕಾದದ್ದು ಕಡಿಮೆ. ಹಂಪಿ ಉತ್ಸವ, ಮೈಸೂರಿನ ಯುವ ದಸರಾದಂಥ ಕಡೆ ಮುಂದಿನ ಜಾಗ ಪತ್ರಿಕೆಯವರಿಗೆ, ಪಾಸಿದ್ದವರಿಗೆ. ಹಿಂದೆ ಎಲ್‌ಇಡಿ ಗೋಡೆ, ಮುಂದೆ ಹೊಗೆ, ಮುಖದ ಮೇಲೆ ಬರೇ ಕೆಂಪು ಅಥವಾ ಬರೇ ನೀಲಿ. ಕೆಂಪು ಬೆಳಕು ಬಿದ್ದಾಗ ಮೂಗು, ಕೆನ್ನೆ ಎಲ್ಲ ಒಂದೇ ಕೆಂಪು ಮುದ್ದೆಯಾಗುವುದರಿಂದ ಬೆಳಕು ತಗ್ಗಿಸಿ ರಾ ಫೈಲಿನಲ್ಲಿ ತೆಗೆದು ಕಪ್ಪುಬಿಳುಪಿಗೆ ತಿರುಗಿಸುವುದೇ ಹಲವರ ದಾರಿ. ಪಾಶ್ಚಾತ್ಯ ರಾಕ್ ಕಾರ್ಯಕ್ರಮಗಳಲ್ಲಿ ಫೋಟೊದವರಿಗೆ ಮೊದಲ ಮೂರು ಹಾಡಷ್ಟೇ ಅವಕಾಶ, ಆಮೇಲೆ ಆಚೆ. ಈ ಕಟ್ಟುಪಾಡುಗಳೆಲ್ಲ ಬರುವ ಮುಂಚೆ, 1967ರ ಜೂನ್ 18ರ ರಾತ್ರಿ ಕ್ಯಾಲಿಫೋರ್ನಿಯಾದ ಮಾಂಟೆರಿಯಲ್ಲಿ ಜಿಮಿ ಹೆಂಡ್ರಿಕ್ಸ್ ತನ್ನ ಗಿಟಾರಿಗೆ ಬೆಂಕಿ ಹಚ್ಚಿದಾಗ, ವೇದಿಕೆಯ ಪಕ್ಕದಲ್ಲಿ ಕುರ್ಚಿ ಹತ್ತಿ ನಿಂತಿದ್ದವನು ಎಡ್ ಕ್ಯಾರಫ್ ಎಂಬ 17 ವರ್ಷದ ಹುಡುಗ. ರಾಕ್ ಸಂಗೀತದ ಅತಿ ಪ್ರಸಿದ್ಧ ಚಿತ್ರಗಳಲ್ಲೊಂದು ಅವನದು. ಹೈಸ್ಕೂಲು ಹುಡುಗ, ಕುರ್ಚಿಯೊಂದು, ಹತ್ತಿರದ ಜಾಗ. ಇವತ್ತು ಅಷ್ಟು ಹತ್ತಿರದ ಜಾಗವನ್ನು ಯಾವ ದೊಡ್ಡ ವೇದಿಕೆಯೂ ಹೊಸಬನಿಗೆ ಕೊಡುವುದಿಲ್ಲ. ಊರಿನ ಗುಡಿ ಕೊಡುತ್ತದೆ.

ತೆಗೆದ ಮೇಲಿನ ಕೆಲಸವನ್ನು ನಮ್ಮಲ್ಲಿ ಯಾರೂ ಕೆಲಸ ಅಂತ ಎಣಿಸುವುದಿಲ್ಲ. ಒಂದು ರಾತ್ರಿಯಲ್ಲಿ ಐನೂರು ಚಿತ್ರ ಬಂದರೆ ಐನೂರನ್ನೂ ಗುಂಪಿಗೆ ಹಾಕಿಬಿಡುತ್ತಾರೆ. ಹತ್ತು ಆರಿಸಿ. ಕಣ್ಣು ಅರೆಮುಚ್ಚಿದ್ದು, ಬಾಯಿ ಸೊಟ್ಟಗಾದದ್ದು ಎಷ್ಟೇ ಸ್ಪಷ್ಟವಿದ್ದರೂ ತೆಗೆದುಹಾಕಿ. ಮೇಳದ ಪ್ರತಿಯೊಬ್ಬರ ಒಂದಾದರೂ ಒಳ್ಳೆಯ ಚಿತ್ರ ಇರಲಿ, ತಾಳ ಹಾಕುವ ಹುಡುಗನದ್ದೂ. ಪ್ರಿಂಟ್ ಹಾಕಿಸಿ ಕೊಟ್ಟರೆ ಅದು ಅವರ ಮನೆಯ ಗೋಡೆಗೆ ಏರುತ್ತದೆ. ದುಡ್ಡಿನ ವ್ಯವಹಾರವಾದರೆ ಮೊದಲೇ ಕಾಗದದ ಮೇಲೆ ಬರೆದುಕೊಳ್ಳುವುದು ಒಳ್ಳೆಯದು, ಏಕೆಂದರೆ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬೇರೆ ಒಪ್ಪಂದ ಇಲ್ಲದಿದ್ದರೆ ಹಣ ಕೊಟ್ಟು ತೆಗೆಸಿದವರೇ ಆ ಫೋಟೊದ ಮೊದಲ ಹಕ್ಕುದಾರರು. ಯಾರೂ ಹೇಳದೆ ನೀವಾಗಿಯೇ ತೆಗೆದದ್ದು ನಿಮ್ಮದು.

ಹೆಸರು ಬರೆಯುವುದನ್ನು ಮಾತ್ರ ಬಿಡಬೇಡಿ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮ ಬುರ್ರಕಥೆ ಹಾಡಿ ನಾಡೋಜ ಗೌರವದವರೆಗೆ ಹೋದರು, 2014ರಲ್ಲಿ ತೀರಿಕೊಂಡರು. ಅವರ ಚಿತ್ರಗಳು ಸಿಗುತ್ತವೆ, ಹೆಸರೂ ಸಿಗುತ್ತದೆ. ಅವರಂತೆಯೇ ಹಾಡಿದ, ಪ್ರಶಸ್ತಿ ಕಾಣದ ಈ ಸೀಮೆಯ ಎಷ್ಟು ಜನರ ಚಿತ್ರ ಇದೆ? ಇರುವ ಹಳೆಯ ಭಜನೆ ಚಿತ್ರಗಳ ಹಿಂಬದಿಯಲ್ಲಿ ಸ್ಟುಡಿಯೊದ ಮೊಹರು ಇರುತ್ತದೆ, ಹಾಡಿದವರ ಹೆಸರು ಇರುವುದಿಲ್ಲ. ಆದ್ದರಿಂದ ಅದೇ ರಾತ್ರಿ, ನಿದ್ದೆಗೆ ಮುಂಚೆ, ಫೈಲಿನ ಹೆಸರಿನಲ್ಲೇ ಊರು, ತಾರೀಖು, ಮೇಳ ಹಾಕಿ. ಎಡದಿಂದ ಬಲಕ್ಕೆ ಯಾರು ಯಾರು, ಯಾರ ಕೈಯಲ್ಲಿ ಯಾವ ವಾದ್ಯ, ಆಗ ಯಾವ ಪದ ನಡೆದಿತ್ತು ಎಂದು ಬರೆದಿಡಿ. ಹೆಸರು ಮರೆತಿದ್ದರೆ ಹಾರ್ಮೋನಿಯಂನವರಿಗೆ ಫೋನ್ ಮಾಡಿ ಕೇಳಿ, ಅವರಿಗೆ ಎಲ್ಲರದೂ ಗೊತ್ತಿರುತ್ತದೆ.